ಗುಂಪು ಚಾರಣಕ್ಕೆ ಅರಣ್ಯ ಪ್ರದೇಶದ ಆಯ್ಕೆ: ಅರ್ಜಿದಾರರ ಅವಗಾಹನೆಗಾಗಿ ಒಂದು ಪರಿಶೀಲನೆ

ಚಾರಣಕ್ಕಾಗಿ ಅರಣ್ಯ ಪ್ರವೇಶಾನುಮತಿ ಕೋರುವ ಗುಂಪುಗಳು ಮೊದಲು ಬೆಟ್ಟವನ್ನು ನಿಶ್ಚಯಿಸಿ, ಬಳಿಕ ದಿನಾಂಕವನ್ನು ಗೊತ್ತುಪಡಿಸಿ, ಯಾರು ಯಾರು ಬರುತ್ತಾರೆಂಬ ಪಟ್ಟಿಯನ್ನು ಕಟ್ಟಕಡೆಗೆ ಸಿದ್ಧಪಡಿಸುವುದು ರೂಢಿಯಲ್ಲಿದೆ. ಬೆಟ್ಟದ ಆಯ್ಕೆಯಾದರೂ ಛಾಯಾಚಿತ್ರಗಳನ್ನೋ ಮಿತ್ರರ ಮಾತನ್ನೋ ಅವಲಂಬಿಸಿರುತ್ತದೆ. 2024ನೇ ಸಾಲಿನಲ್ಲಿ ಜರುಗಿದ ಎರಡು ಪ್ರಕರಣಗಳು ಈ ರೂಢಿಯನ್ನು ಮರುಪರಿಶೀಲಿಸುವ ಅಗತ್ಯವನ್ನು ಉಂಟುಮಾಡಿವೆ. ಜನವರಿ ತಿಂಗಳಲ್ಲಿ ಕುಮಾರ ಪರ್ವತದ ಪಥದಲ್ಲಿ ಒಂದೇ ವಾರಾಂತ್ಯದಲ್ಲಿ ಸಾವಿರಾರು ಚಾರಣಿಗರು ಸೇರಿದುದು ಮೊದಲನೆಯದು. ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲ್ ಪಥದಲ್ಲಿ ಕರ್ನಾಟಕದಿಂದ ತೆರಳಿದ್ದ ತಂಡವು ಹಿಮಗಾಳಿಗೆ ಸಿಲುಕಿ ಒಂಬತ್ತು ಮಂದಿ ಮೃತಪಟ್ಟುದು ಎರಡನೆಯದು. ಮೊದಲನೆಯದರಿಂದ ರಾಜ್ಯದಲ್ಲಿ ಪ್ರವೇಶದ ನಿಯಮಗಳು ಬದಲಾದವು. ಎರಡನೆಯದು, ನಿಯಮಗಳೆಲ್ಲ ಪಾಲನೆಯಾದ ಮೇಲೂ ತಂಡವು ತಾನೇ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಗಳು ಉಳಿಯುತ್ತವೆ ಎಂಬುದನ್ನು ತೋರಿಸಿತು. ಈ ಎರಡನ್ನೂ ಮುಂದಿರಿಸಿಕೊಂಡು, ತಂಡಗಳು ಸ್ಥಳವನ್ನು ಆಯ್ಕೆ ಮಾಡುವಾಗ ಪರಿಗಣಿಸತಕ್ಕ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಕುಮಾರ ಪರ್ವತ ಮತ್ತು 300ರ ಮಿತಿ

2024ರಲ್ಲಿ ಗಣರಾಜ್ಯೋತ್ಸವವು ಶುಕ್ರವಾರ ಬಂದಿತ್ತು. ಮೂರು ದಿನಗಳ ರಜೆ ಒಟ್ಟಿಗೆ ದೊರೆತ ಕಾರಣ, ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಪುಷ್ಪಗಿರಿ ವನ್ಯಜೀವಿಧಾಮದೊಳಗಿನ ಕುಮಾರ ಪರ್ವತಕ್ಕೆ ಹೊರಟವರ ಸಾಲು ಜಾತ್ರೆಯ ದಟ್ಟಣೆಯನ್ನು ಹೋಲುವಂತಾಯಿತು. ಸದರಿ ದೃಶ್ಯಗಳು ವ್ಯಾಪಕವಾಗಿ ಪ್ರಸಾರವಾದ ಬಳಿಕ, ಆನ್‌ಲೈನ್ ಕಾಯ್ದಿರಿಸುವಿಕೆಯ ವ್ಯವಸ್ಥೆ ಇಲ್ಲದ ಪಥಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿರ್ಬಂಧಿಸುವಂತೆ ಅರಣ್ಯ ಸಚಿವರಾದ ಶ್ರೀ ಈಶ್ವರ ಖಂಡ್ರೆ ಅವರು ಸೂಚಿಸಿದರು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಚಾರಣದ ಕಾಯ್ದಿರಿಸುವಿಕೆ ಆರಂಭಗೊಂಡಿತು. ಒಂದು ಪಥಕ್ಕೆ ದಿನವೊಂದಕ್ಕೆ 300 ಮಂದಿಯನ್ನು ಮೀರದಂತೆ ಪ್ರವೇಶ ನೀಡುವುದು ಈ ವ್ಯವಸ್ಥೆಯ ಮುಖ್ಯ ಅಂಶ.

ಈ ಮಿತಿಯನ್ನು ಕೆಲವರು ಅನಾನುಕೂಲವೆಂದು ಭಾವಿಸಿರುವುದುಂಟು. ಲೆಕ್ಕ ಹಾಕಿ ನೋಡಿದಲ್ಲಿ ಅದರ ಔಚಿತ್ಯ ವಿದಿತವಾಗುತ್ತದೆ. ಬೆಟ್ಟದ ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಮೂರು ಮೀಟರ್ ಅಂತರದಲ್ಲಿ ನಡೆದರೆ 300 ಮಂದಿಯ ಸಾಲು 900 ಮೀಟರ್ ಉದ್ದವಾಗುತ್ತದೆ. ಮೂರು ಸಾವಿರ ಮಂದಿಯಾದರೆ ಆ ಸಾಲು 9 ಕಿಲೋಮೀಟರ್. ಸುಬ್ರಹ್ಮಣ್ಯದಿಂದ ಶಿಖರದವರೆಗಿನ ದಾರಿಯೇ ಸುಮಾರು 13 ಕಿಲೋಮೀಟರ್ ಇರುವುದನ್ನು ಗಮನಿಸಿದರೆ, ಮಧ್ಯದಲ್ಲಿ ಒಬ್ಬರ ಕಾಲು ಉಳುಕಿದರೂ ಮೇಲಿನವರು ಇಳಿಯಲಾಗದೆ ಕೆಳಗಿನವರು ಏರಲಾಗದೆ ನಿಲ್ಲಬೇಕಾಗುತ್ತದೆ. ಇದಲ್ಲದೆ ಸದರಿ ದಾರಿಯ ಮೇಲ್ಭಾಗವು ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ಪ್ರದೇಶ. ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣು ಮಳೆಯ ನೀರನ್ನು ಹೀರಿಕೊಂಡು ಬೇಸಿಗೆಯಲ್ಲಿ ತೊರೆಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಸಾವಿರಾರು ಕಾಲುಗಳು ತುಳಿದು ಹುಲ್ಲು ಸತ್ತ ಕಡೆ ಮುಂದಿನ ಮಳೆಗೆ ಮಣ್ಣು ಕೊಚ್ಚಿ ಕೊರಕಲು ಬೀಳುತ್ತದೆ. ಆ ಕೊರಕಲನ್ನು ತಪ್ಪಿಸಲು ಜನರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಹೀಗೆ ಒಂದು ದಾರಿ ಮೂರಾಗುತ್ತದೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಪುಷ್ಪಗಿರಿಯೂ ಒಂದೆಂಬುದನ್ನು ಇಲ್ಲಿ ಸ್ಮರಿಸಬಹುದು.

ಅರ್ಜಿದಾರರಿಗೆ ಈ ಮಿತಿಯ ಪ್ರಾಯೋಗಿಕ ಅರ್ಥವೇನೆಂದರೆ, ದಿನಾಂಕವೇ ಮೊದಲ ಆಯ್ಕೆ. ದಿನಕ್ಕೆ 300ರಂತೆ ವಾರಕ್ಕೆ ಒಂದು ಪಥದಲ್ಲಿ ಗರಿಷ್ಠ 2,100 ಸ್ಥಾನಗಳು ಲಭ್ಯವಾಗುತ್ತವೆ. ಇವುಗಳಲ್ಲಿ ಶನಿವಾರ ಮತ್ತು ಭಾನುವಾರದ ಪಾಲು 600. ಬೇಡಿಕೆಯ ಬಹುಪಾಲು ಈ 600 ಸ್ಥಾನಗಳ ಮೇಲೆಯೇ ಬೀಳುತ್ತದೆ. 30 ಮಂದಿಯ ತಂಡವೊಂದು ಶನಿವಾರಕ್ಕೆ ಅರ್ಜಿ ಹಾಕಿದರೆ ಅದು ಆ ದಿನದ ಹತ್ತನೇ ಒಂದು ಭಾಗವನ್ನು ಕೇಳಿದಂತೆ. ಅಷ್ಟು ಸ್ಥಾನ ಒಟ್ಟಿಗೆ ದೊರೆಯದಿದ್ದಾಗ ಅರ್ಧ ತಂಡಕ್ಕೆ ಅನುಮತಿ ಪಡೆದು ಉಳಿದವರನ್ನು ‘ಅಲ್ಲಿ ಹೋಗಿ ನೋಡೋಣ’ ಎಂದು ಕರೆದೊಯ್ಯುವ ಪ್ರವೃತ್ತಿ ಸಲ್ಲದು. ತಪಾಸಣಾ ಠಾಣೆಯಲ್ಲಿ ಹೆಸರು ಮತ್ತು ಗುರುತಿನ ಚೀಟಿ ತಾಳೆಯಾಗದವರನ್ನು ಹಿಂದಕ್ಕೆ ಕಳುಹಿಸಲಾಗುತ್ತದೆ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದವರಿಗೆ ಅದು ಸಣ್ಣ ನಷ್ಟವಲ್ಲ. ಸೋಮವಾರದಿಂದ ಗುರುವಾರದವರೆಗಿನ ಯಾವುದೇ ದಿನಕ್ಕೆ ರಜೆ ಹೊಂದಿಸಿಕೊಳ್ಳಬಲ್ಲ ತಂಡಕ್ಕೆ ಆಯ್ಕೆಯ ಅವಕಾಶ ತಾನಾಗಿಯೇ ವಿಸ್ತಾರವಾಗುತ್ತದೆ.

ಎತ್ತರ ಮತ್ತು ಏರು

ಸ್ಥಳದ ಕಠಿಣತೆಯನ್ನು ಶಿಖರದ ಎತ್ತರದಿಂದ ಅಳೆಯುವುದು ಸಾಮಾನ್ಯ ತಪ್ಪು ಗ್ರಹಿಕೆ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರವಿದ್ದರೂ ವಾಹನದ ರಸ್ತೆ ಶಿಖರದ ಸಮೀಪದವರೆಗೆ ಹೋಗುತ್ತದೆ. ಕುಮಾರ ಪರ್ವತ 1,712 ಮೀಟರ್. ಆದರೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟವರು ಘಟ್ಟದ ಬುಡದಿಂದಲೇ ಹತ್ತುವುದರಿಂದ 1,500 ಮೀಟರಿಗೂ ಹೆಚ್ಚಿನ ಏರನ್ನು ಕಾಲ್ನಡಿಗೆಯಲ್ಲಿಯೇ ಕ್ರಮಿಸಬೇಕು. ಅದೇ ಪರ್ವತಕ್ಕೆ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಅಂತರವೂ ಕಡಿಮೆ, ಏರೂ ಕಡಿಮೆ. ಆದ್ದರಿಂದ ಅರ್ಜಿಯಲ್ಲಿ ಬೆಟ್ಟದ ಹೆಸರಿನಷ್ಟೇ ಮುಖ್ಯವಾದುದು ಯಾವ ಕಡೆಯಿಂದ ಪ್ರವೇಶ ಎಂಬುದು.

ಸಮಯದ ಅಂದಾಜಿಗೆ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಸೂಚಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಸರಿಸುಮಾರು 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬುದು ಅದರ ಸಾರ. ಈ ಪ್ರಕಾರ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಐದು ಗಂಟೆಗೂ ಹೆಚ್ಚು ಕಾಲ ಬೇಕು. ಈ ಸೂತ್ರ ಹಗುರ ಚೀಲ ಹೊತ್ತ, ದೃಢಕಾಯರಾದ, ಎಲ್ಲಿಯೂ ನಿಲ್ಲದ ನಡಿಗೆಯವರಿಗೆ ಸಂಬಂಧಿಸಿದ್ದು. ಹದಿನೈದು ಮಂದಿಯ ತಂಡದಲ್ಲಿ ಒಬ್ಬರು ನೀರಿಗೆ, ಇನ್ನೊಬ್ಬರು ಶೂ ಕಟ್ಟಲು, ಮತ್ತೊಬ್ಬರು ಛಾಯಾಚಿತ್ರಕ್ಕೆ ನಿಲ್ಲುವರು. ಒಬ್ಬರು ನಿಂತರೆ ಉಳಿದವರೂ ನಿಲ್ಲಬೇಕಾಗುತ್ತದೆ. ಸೂತ್ರದ ಕಾಲಕ್ಕೆ ಅರ್ಧದಷ್ಟು ಸೇರಿಸಿದಲ್ಲಿ ವಾಸ್ತವಕ್ಕೆ ಹತ್ತಿರವಾಗುತ್ತದೆ. ಇಳಿಯುವ ಕಾಲವನ್ನೂ ಕೂಡಿಸಿ, ಡಿಸೆಂಬರ್ ತಿಂಗಳಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಇದು ಹೊಸಬರ ತಂಡವು ಒಂದೇ ಹಗಲಿನಲ್ಲಿ ಹೋಗಿ ಬರುವ ದಾರಿಯಲ್ಲವೆಂಬುದು ಮನವರಿಕೆಯಾಗುತ್ತದೆ. ಶಿಖರದ ಮೇಲೆ ರಾತ್ರಿ ತಂಗಲು ಅವಕಾಶವಿಲ್ಲ.

ಹೊಸಬರು ಹೆಚ್ಚಿರುವ ತಂಡಗಳು ಕೊಡಗಿನ ತಡಿಯಂಡಮೋಳ್‌ನಂತಹ ಪಥವನ್ನು ಪರಿಗಣಿಸಬಹುದು. 1,748 ಮೀಟರ್ ಎತ್ತರದ ಈ ಶಿಖರ ಕೊಡಗು ಜಿಲ್ಲೆಯಲ್ಲಿಯೇ ಅತಿ ಎತ್ತರವಾದುದಾದರೂ, ಬುಡದಲ್ಲಿರುವ ನಾಲ್ಕುನಾಡು ಅರಮನೆಯೇ ಸಾಕಷ್ಟು ಎತ್ತರದಲ್ಲಿರುವುದರಿಂದ ಏರು ಮಿತವಾಗಿದೆ. ಕುದುರೆಮುಖ ಶಿಖರಕ್ಕೆ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಏರು ಹಂತಹಂತವಾಗಿದ್ದರೂ ದೂರವೇ ದಣಿಸುವಂತಹುದು.

ಪ್ರದೇಶದ ಕಾನೂನು ಸ್ಥಾನಮಾನ

ಚಾರಣಿಗರ ಕಣ್ಣಿಗೆ ಕಾಡೆಲ್ಲವೂ ಒಂದೇ ಎನಿಸಿದರೂ ಕಾನೂನಿನ ದೃಷ್ಟಿಯಲ್ಲಿ ಹಾಗಿಲ್ಲ. ಮೀಸಲು ಅರಣ್ಯಕ್ಕೆ ಕರ್ನಾಟಕ ಅರಣ್ಯ ಕಾಯ್ದೆ, 1963 ಅನ್ವಯಿಸುತ್ತದೆ. ಪುಷ್ಪಗಿರಿ, ಬ್ರಹ್ಮಗಿರಿ, ಮೂಕಾಂಬಿಕಾ ಮುಂತಾದ ವನ್ಯಜೀವಿಧಾಮಗಳಲ್ಲಿ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕರಣ 27ರಂತೆ ಪ್ರವೇಶವೇ ನಿರ್ಬಂಧಿತವಾಗಿದ್ದು, ಪ್ರಕರಣ 28ರಲ್ಲಿ ಪ್ರವಾಸೋದ್ಯಮವೂ ಸೇರಿದಂತೆ ಕೆಲವು ಉದ್ದೇಶಗಳಿಗಾಗಿ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ನೀಡಬಹುದೆಂದಿದೆ. ಅಂದರೆ ಇಲ್ಲಿ ನಿಷೇಧವೇ ಸಾಮಾನ್ಯ ಸ್ಥಿತಿ, ಅನುಮತಿಯು ವಿನಾಯಿತಿ. ಕುದುರೆಮುಖದಂತಹ ರಾಷ್ಟ್ರೀಯ ಉದ್ಯಾನವನಗಳಿಗೆ ಪ್ರಕರಣ 35 ಅನ್ವಯಿಸಿ ನಿರ್ಬಂಧಗಳು ಇನ್ನೂ ಬಿಗಿಯಾಗುತ್ತವೆ. ಅಲ್ಲಿ ಗುಡಾರ ಹಾಕಿ ತಂಗುವ ಯೋಜನೆ ಇಟ್ಟುಕೊಂಡು ಸ್ಥಳವನ್ನು ಆಯ್ಕೆ ಮಾಡುವುದು ನಿರರ್ಥಕ, ಹೊರಗಿನ ಹಳ್ಳಿಗಳ ಹೋಂಸ್ಟೇಗಳಲ್ಲಿ ತಂಗಿ ಬೆಳಿಗ್ಗೆ ಹೊರಡುವುದೇ ಸರಿಯಾದ ಕ್ರಮ. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ ಮತ್ತು ಬಿಳಿಗಿರಿರಂಗನಬೆಟ್ಟ ಹುಲಿ ಸಂರಕ್ಷಿತ ಪ್ರದೇಶಗಳ ಒಳಭಾಗವನ್ನು ಚಾರಣದ ಪಟ್ಟಿಯಿಂದ ಕೈಬಿಡುವುದು ಕ್ಷೇಮ. ಅಲ್ಲಿ ಪ್ರವಾಸಿಗರಿಗೆ ವಾಹನ ಸಫಾರಿಯೇ ಇರುವ ವ್ಯವಸ್ಥೆ.

ರಾಜ್ಯದ ಗಡಿಯ ವಿಷಯವನ್ನೂ ಇಲ್ಲಿ ಪ್ರಸ್ತಾಪಿಸಬೇಕಾಗಿದೆ. ಇರ್ಪು ಕಡೆಯಿಂದ ಬ್ರಹ್ಮಗಿರಿ ಏರಿದವರಿಗೆ ಆಚೆ ಕೇರಳದ ವಯನಾಡಿನ ಕಾಡು ಕಾಣುತ್ತದೆ. ಕರ್ನಾಟಕದ ಅನುಮತಿ ಪತ್ರವು ಶಿಖರದ ಆಚೆಗೆ ಊರ್ಜಿತವಲ್ಲ. ಈ ಭಾಗವು ಆನೆಗಳು ಸಂಚರಿಸುವ ಪ್ರದೇಶ. 2023ರ ಗಣತಿಯಲ್ಲಿ ರಾಜ್ಯದ ಆನೆಗಳ ಸಂಖ್ಯೆ 6,395 ಎಂದು ಅಂದಾಜಿಸಲಾಗಿತ್ತು. ಮಾರ್ಗದರ್ಶಿಯ ಮಾತನ್ನು ಮೀರಿ ಅಡ್ಡದಾರಿ ಹಿಡಿಯುವುದು ಇಲ್ಲಿ ಎಲ್ಲಕ್ಕಿಂತ ಅಪಾಯಕಾರಿ.

ಅರಣ್ಯದ ಅನುಮತಿಯ ಗೊಡವೆಯೇ ಬೇಡವೆಂದು ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ರೈಲು ಹಳಿಯ ಗುಂಟ ನಡೆಯುವ ತಂಡಗಳು ಹಿಂದಿನಿಂದಲೂ ಇವೆ. ಇದು ಚಾರಣ ಪಥವಲ್ಲ. ರೈಲ್ವೆ ಕಾಯ್ದೆ, 1989ರ ಪ್ರಕರಣ 147ರ ಅನ್ವಯ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಕಾರಾವಾಸ ಅಥವಾ ರೂ. 1,000ದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಸುರಂಗದ ಮಧ್ಯದಲ್ಲಿ ಗಾಡಿ ಎದುರಾದಾಗ ದಂಡದ ಮೊತ್ತ ಯಾರ ನೆನಪಿಗೂ ಬರುವುದಿಲ್ಲ.

ಋತುಮಾನ

ಜನವರಿಯ ನಂತರ ಹುಲ್ಲು ಒಣಗುತ್ತದೆ. ಕಾಡ್ಗಿಚ್ಚಿನ ಭೀತಿಯಿಂದ ಬೇಸಿಗೆಯ ತಿಂಗಳುಗಳಲ್ಲಿ ಪಶ್ಚಿಮ ಘಟ್ಟದ ಅನೇಕ ಪಥಗಳನ್ನು ಮುಚ್ಚಲಾಗುತ್ತದೆ. ಹಣ ಪಾವತಿಸಿ ವಾಹನ ಗೊತ್ತುಪಡಿಸಿದ ತಂಡಗಳು ಇದರಿಂದ ಬೇಸರಗೊಳ್ಳುವುದು ಸಹಜ. ಆದರೆ 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ನಡೆದುದನ್ನು ತಿಳಿದವರು ಹಾಗೆ ಬೇಸರಗೊಳ್ಳಲಾರರು. ಕೊಳುಕ್ಕುಮಲೈ ಕಡೆಯಿಂದ ಇಳಿಯುತ್ತಿದ್ದ ಮೂವತ್ತಕ್ಕೂ ಹೆಚ್ಚು ಚಾರಣಿಗರನ್ನು ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಸುತ್ತುವರಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬೆಂಕಿಯು ಇಳಿಜಾರಿನಲ್ಲಿ ಮೇಲ್ಮುಖವಾಗಿ ಮನುಷ್ಯನ ಓಟಕ್ಕಿಂತ ವೇಗವಾಗಿ ಸಾಗಬಲ್ಲದು. ದಣಿದ ತಂಡಕ್ಕೆ ಅದರಿಂದ ತಪ್ಪಿಸಿಕೊಳ್ಳುವ ಕಾಲಾವಕಾಶವಿರುವುದಿಲ್ಲ. ವನ್ಯಜೀವಿಧಾಮದೊಳಗೆ ಬೆಂಕಿ ಹಚ್ಚುವುದನ್ನು ಪ್ರಕರಣ 30ರಲ್ಲಿ ನಿಷೇಧಿಸಿರುವುದು ಇದೇ ಕಾರಣದಿಂದ. ಚಹಾ ಕಾಯಿಸಲು ಮೂರು ಕಲ್ಲು ಹೂಡುವುದೂ ಈ ನಿಷೇಧಕ್ಕೆ ಒಳಪಡುತ್ತದೆ.

ಮಳೆಗಾಲದಲ್ಲಿ ಕುದುರೆಮುಖದಂತಹ ಪಥಗಳು ಮನೋಹರವಾಗಿರುತ್ತವೆ, ಉಂಬಳಗಳೂ ಹೇರಳವಾಗಿರುತ್ತವೆ. ಉಂಬಳ ಕಚ್ಚುವುದರಿಂದ ಕಿರಿಕಿರಿಯ ಹೊರತು ಹೆಚ್ಚಿನ ಹಾನಿಯಿಲ್ಲ. ಗಮನಿಸತಕ್ಕದ್ದು ಹಳ್ಳಗಳನ್ನು. ಬೆಳಿಗ್ಗೆ ಮೊಣಕಾಲಿನ ಮಟ್ಟದಲ್ಲಿ ದಾಟಿದ ಹಳ್ಳವು ಘಟ್ಟದ ಮೇಲೆ ಸುರಿದ ಮಳೆಗೆ ಮಧ್ಯಾಹ್ನ ಸೊಂಟದ ಮಟ್ಟಕ್ಕೆ ಬರಬಹುದು. ಜಿಲ್ಲಾಡಳಿತಗಳು ಹೊರಡಿಸುವ ತಾತ್ಕಾಲಿಕ ನಿರ್ಬಂಧದ ಆದೇಶಗಳನ್ನು ಹೊರಡುವ ಹಿಂದಿನ ದಿನವೂ ಪರಿಶೀಲಿಸಿಕೊಳ್ಳಬೇಕು.

ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಡುಗಳನ್ನು ಆಯ್ಕೆ ಮಾಡುವವರು ಮಂಗನ ಕಾಯಿಲೆಯ ವಿಷಯವನ್ನು ತಿಳಿದಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರವು ಉಣ್ಣೆಗಳ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚು. 2024ರ ಆರಂಭದ ತಿಂಗಳುಗಳಲ್ಲಿಯೂ ಈ ಮೂರು ಜಿಲ್ಲೆಗಳಲ್ಲಿ ಪ್ರಕರಣಗಳು ವರದಿಯಾದವು. ಮಂಗಗಳು ಸತ್ತ ವರದಿಯಿರುವ ಪ್ರದೇಶವನ್ನು ಆ ಋತುವಿಗೆ ಬಿಟ್ಟುಬಿಡುವುದು ಲೇಸು. ಹಿಂದಿರುಗಿದ ಬಳಿಕ ಜ್ವರ ಬಂದಲ್ಲಿ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಸಹಸ್ರತಾಲ್ ಪ್ರಕರಣ

ಮೇಲ್ಕಂಡವೆಲ್ಲವೂ ಎರಡು ಸಾವಿರ ಮೀಟರಿಗಿಂತ ಕೆಳಗಿನ ಬೆಟ್ಟಗಳ ವಿಚಾರ. ಸಹ್ಯಾದ್ರಿಯಲ್ಲಿ ಹಲವು ಬಾರಿ ನಡೆದು ಅನುಭವ ಗಳಿಸಿದ ತಂಡಗಳು ಮುಂದಿನ ಹಂತವಾಗಿ ಹಿಮಾಲಯವನ್ನು ಆಯ್ಕೆ ಮಾಡುತ್ತವೆ. 2024ರ ಜೂನ್ ಮೊದಲ ವಾರದಲ್ಲಿ ಸಹಸ್ರತಾಲ್ ಸರೋವರದ ಪಥದಲ್ಲಿ ಸಂಕಟಕ್ಕೆ ಒಳಗಾದ ತಂಡದಲ್ಲಿ ಸ್ಥಳೀಯ ಮಾರ್ಗದರ್ಶಿಗಳೂ ಸೇರಿ 22 ಮಂದಿ ಇದ್ದರು. ಹವಾಮಾನ ಏಕಾಏಕಿ ಕೆಟ್ಟು, ಗಾಳಿ ಮತ್ತು ಹಿಮದ ನಡುವೆ ತಂಡ ಶಿಬಿರಕ್ಕೆ ಮರಳಲಾಗದೆ ಬಯಲಿನಲ್ಲಿಯೇ ಉಳಿಯಬೇಕಾಯಿತು. ಒಂಬತ್ತು ಮಂದಿ ಅಸುನೀಗಿದರು, ಹದಿಮೂರು ಮಂದಿಯನ್ನು ರಕ್ಷಿಸಲಾಯಿತು. ರಾಜ್ಯದ ಕಂದಾಯ ಸಚಿವರಾದ ಶ್ರೀ ಕೃಷ್ಣ ಬೈರೇಗೌಡ ಅವರು ಡೆಹ್ರಾಡೂನ್‌ಗೆ ತೆರಳಿ ರಕ್ಷಣಾ ಕಾರ್ಯದ ಸಮನ್ವಯ ನಿರ್ವಹಿಸಿದರು. ವಾಯುಪಡೆಯ ಹೆಲಿಕಾಪ್ಟರುಗಳೂ ಕಾರ್ಯಾಚರಣೆಯಲ್ಲಿ ತೊಡಗಿದ್ದವು.

ಮೃತರಲ್ಲಿ ಅನುಭವವಿಲ್ಲದವರಷ್ಟೇ ಇದ್ದರೆಂದು ಭಾವಿಸುವುದು ಅವರಿಗೆ ಮಾಡುವ ಅನ್ಯಾಯ. ಈ ಪಥದ ಮೇಲ್ಭಾಗ 4,000 ಮೀಟರಿಗೂ ಎತ್ತರದಲ್ಲಿದೆ, ಅಂದರೆ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತ ಹೆಚ್ಚು. ಅಲ್ಲಿ ಮರಗಳಿಲ್ಲ, ಮರೆಯಿಲ್ಲ. ಒದ್ದೆಯಾದ ಬಟ್ಟೆ ಮತ್ತು ಗಾಳಿ ಸೇರಿದಾಗ ದೇಹದ ಶಾಖ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಶಾಖ ಕುಸಿದವರಿಗೆ ಮೊದಲು ಕೈಕೆಡುವುದು ವಿವೇಚನೆಯೇ, ಆದ್ದರಿಂದ ತಮಗೆ ಏನಾಗುತ್ತಿದೆಯೆಂದು ಅವರೇ ಹೇಳಲಾರರು. ಸಹ್ಯಾದ್ರಿಯಲ್ಲಿ ದಾರಿ ತಪ್ಪಿದ ತಂಡವು ಒಂದು ರಾತ್ರಿ ಚಳಿಯಲ್ಲಿ ನಡುಗಿ ಬೆಳಿಗ್ಗೆ ಕಾಫಿ ತೋಟವೊಂದಕ್ಕೆ ಇಳಿದೀತು. ಆ ಎತ್ತರದಲ್ಲಿ ಆ ಅವಕಾಶವಿಲ್ಲ. ಹತ್ತು ಬಾರಿ ಕುಮಾರ ಪರ್ವತ ಏರಿದ ಅನುಭವ ಕಾಲುಗಳಿಗೆ ಬಲ ಕೊಡಬಹುದು, ಗಾಳಿಯ ವಿರಳತೆಗೆ ದೇಹವನ್ನು ಒಗ್ಗಿಸುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿಯ ದಿನವಿರಬೇಕು ಎಂಬುದು ವೈದ್ಯಕೀಯವಾಗಿ ಅಂಗೀಕೃತ ಸಲಹೆ. ರಜೆಯ ದಿನಗಳಿಗೆ ತಕ್ಕಂತೆ ಈ ವೇಳಾಪಟ್ಟಿಯನ್ನು ಹಿಗ್ಗಿಸಿ ಕುಗ್ಗಿಸಲು ಬರುವುದಿಲ್ಲ. ರಜೆ ಸಾಲದಿದ್ದರೆ ಬೇರೆ ಸ್ಥಳವನ್ನು ಆಯ್ದುಕೊಳ್ಳಬೇಕು.

ಹಿಮಾಲಯದ ಪಥವನ್ನು ಏಜೆನ್ಸಿಯೊಂದರ ಮೂಲಕ ಗೊತ್ತುಪಡಿಸುವ ತಂಡವು ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ತಂಡದ ಬಳಿ ಸಂಪರ್ಕದ ಯಾವ ಸಾಧನವಿರುತ್ತದೆ? ಅತಿ ಎತ್ತರದ ದಿನದಂದು ಎಷ್ಟು ಗಂಟೆಗೆ, ಎಲ್ಲಿಂದ ಹಿಂದಿರುಗಬೇಕೆಂಬ ನಿಶ್ಚಿತ ಸಮಯವಿದೆಯೇ? ಅದನ್ನು ನಿರ್ಧರಿಸುವವರು ಯಾರು? ಅರ್ಧ ತಂಡಕ್ಕೆ ಆಗದಿದ್ದಲ್ಲಿ ಅವರನ್ನು ಕೆಳಗೆ ಕರೆತರಲು ಎರಡನೆಯ ಮಾರ್ಗದರ್ಶಿ ಇದ್ದಾರೆಯೇ? ಸ್ಪಷ್ಟ ಉತ್ತರ ಬಾರದಿದ್ದಲ್ಲಿ ದರ ಎಷ್ಟೇ ಕಡಿಮೆಯಿದ್ದರೂ ಅದು ದುಬಾರಿಯೇ.

ತಂಡವನ್ನು ಕುರಿತು

ಪಥದ ಆಯ್ಕೆಯನ್ನು ತಂಡದ ಅತ್ಯಂತ ಬಲಹೀನ ಸದಸ್ಯರಿಗೆ ತಕ್ಕಂತೆ ಮಾಡಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಆಚರಣೆಯಲ್ಲಿ ಮಾತ್ರ ಆ ಸದಸ್ಯರು ಯಾರೆಂದು ಮುಂಚಿತವಾಗಿ ಯಾರೂ ಕೇಳುವುದಿಲ್ಲ. ಕಚೇರಿಯ ಸಹೋದ್ಯೋಗಿಗಳ ತಂಡಗಳಲ್ಲಿ ಇದು ಇನ್ನೂ ಕಷ್ಟ. ಮೇಲಧಿಕಾರಿಗಳ ಮುಂದೆ ಆಸ್ತಮಾ, ರಕ್ತದೊತ್ತಡ, ಮಂಡಿನೋವುಗಳ ಸಂಗತಿಯನ್ನು ಹೇಳಿಕೊಳ್ಳಲು ಹಿಂಜರಿಯುವವರೇ ಹೆಚ್ಚು. ತಂಡದ ನಾಯಕರು ಪ್ರತಿಯೊಬ್ಬರಿಂದಲೂ ಈ ವಿವರಗಳನ್ನು ಪ್ರತ್ಯೇಕವಾಗಿ, ಗೋಪ್ಯವಾಗಿ ಪಡೆಯತಕ್ಕದ್ದು. ಪಟ್ಟಿ ಕೈಗೆ ಬಂದ ಮೇಲೆ ಬೆಟ್ಟದ ಹೆಸರನ್ನು ಬದಲಿಸಬೇಕಾಗಿ ಬರಬಹುದು. ಆ ಮುಜುಗರವನ್ನು ಊರಿನಲ್ಲಿಯೇ ಅನುಭವಿಸುವುದು ಮೇಲು.

ದೊಡ್ಡ ತಂಡವೆಂದರೆ ಸುರಕ್ಷಿತವೆಂಬ ಭಾವನೆಯೂ ಪೂರ್ಣ ಸತ್ಯವಲ್ಲ. ಮೂವತ್ತು ಮಂದಿಯಲ್ಲಿ ಒಬ್ಬರು ಹಿಂದುಳಿದರೆ ಯಾರಿಗೂ ತಿಳಿಯದು, ಆರು ಮಂದಿಯಲ್ಲಿ ಕೂಡಲೇ ತಿಳಿಯುತ್ತದೆ. ಮತ್ತೊಂದು ಕಡೆ, ಇಬ್ಬರೇ ಹೋದಾಗ ಒಬ್ಬರ ಕಾಲು ಮುರಿದರೆ ಇನ್ನೊಬ್ಬರು ಬಿಟ್ಟುಬರಲೂ ಆಗದು, ಹೊತ್ತುತರಲೂ ಆಗದು. ಆರರಿಂದ ಹನ್ನೆರಡು ಮಂದಿ ನಿಭಾಯಿಸಲು ಅನುಕೂಲವಾದ ಸಂಖ್ಯೆ. ಅದಕ್ಕಿಂತ ದೊಡ್ಡ ತಂಡಗಳು ಎರಡಾಗಿ ಒಡೆದು, ಪ್ರತಿಯೊಂದಕ್ಕೂ ಮುಂದೆ ಒಬ್ಬರು, ಕಡೆಯಲ್ಲಿ ಒಬ್ಬರು ಹೊಣೆಗಾರರನ್ನು ನೇಮಿಸಿಕೊಳ್ಳಬೇಕು. ಕಡೆಯವರನ್ನು ಯಾರೂ ದಾಟಿ ಹಿಂದೆ ಉಳಿಯಕೂಡದು.

ಚಿಕ್ಕ ಮಕ್ಕಳು ಮತ್ತು ಹಿರಿಯರು ಕೂಡಿದ ಕುಟುಂಬಗಳಿಗೆ ಘಟ್ಟದ ಕಾಡೇ ಆಗಬೇಕೆಂದಿಲ್ಲ. ತುಮಕೂರು ಜಿಲ್ಲೆಯ ಮಧುಗಿರಿ ಕೋಟೆಯ ಬೆಟ್ಟದಲ್ಲಿ ಸಾಧ್ಯವಾದಷ್ಟು ಏರಿ ಹಿಂದಿರುಗಬಹುದು. ಇದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದು ರಾತ್ರಿ ಪ್ರವೇಶವಿರುವುದಿಲ್ಲ. ಮೇಲ್ಭಾಗದ ಬಂಡೆಯ ಮೆಟ್ಟಿಲುಗಳು ಕಡಿದಾಗಿರುವುದರಿಂದ ಮಳೆಯಲ್ಲಿ ಅಲ್ಲಿಗೆ ಹೋಗಬಾರದು.

ಅರ್ಜಿ ಸಲ್ಲಿಸುವಾಗ

ಸ್ಥಳವನ್ನು ನಿರ್ಧರಿಸಿದ ತಂಡವು ಅರಣ್ಯ ಇಲಾಖೆಯ ಜಾಲತಾಣದಲ್ಲಿ ಪಥ, ಪ್ರವೇಶ ಸ್ಥಳ ಮತ್ತು ದಿನಾಂಕವನ್ನು ನಮೂದಿಸಿ, ಪ್ರತಿಯೊಬ್ಬ ಸದಸ್ಯರ ಹೆಸರನ್ನು ಗುರುತಿನ ಚೀಟಿಯಲ್ಲಿರುವಂತೆಯೇ ಬರೆಯತಕ್ಕದ್ದು. ಮಧ್ಯವರ್ತಿಗಳ ಮೂಲಕ ಕಾಯ್ದಿರಿಸಿದಲ್ಲಿ ಅನುಮತಿ ಪತ್ರದ ಪ್ರತಿಯನ್ನು ಹೊರಡುವ ಮೊದಲೇ ಪಡೆದು, ಅದರಲ್ಲಿರುವ ಪಥದ ಹೆಸರು ಮತ್ತು ಸದಸ್ಯರ ಸಂಖ್ಯೆಯನ್ನು ತಾಳೆ ನೋಡಬೇಕು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳನ್ನು ಒಯ್ಯುವಂತಿಲ್ಲ. ನೀರಿನ ಬಾಟಲಿಗಳನ್ನು ಠಾಣೆಯಲ್ಲಿ ಎಣಿಸಿ, ಹಿಂದಿರುಗುವಾಗ ಮತ್ತೆ ಎಣಿಸುವ ಪದ್ಧತಿ ಹಲವೆಡೆ ಇದೆ. ಅನುಮತಿ ಪತ್ರದ ಒಂದು ಪ್ರತಿಯನ್ನು, ಹಿಂದಿರುಗುವ ನಿಶ್ಚಿತ ಸಮಯವನ್ನು ಬರೆದು, ಮನೆಯಲ್ಲಿ ಜವಾಬ್ದಾರರೊಬ್ಬರ ಬಳಿ ಇಡತಕ್ಕದ್ದು. ಆ ಸಮಯ ಮೀರಿ ಮೂರು ಗಂಟೆಯಾದರೂ ತಂಡದಿಂದ ಸುದ್ದಿ ಬಾರದಿದ್ದಲ್ಲಿ ಅವರು 112ಕ್ಕೆ ಕರೆ ಮಾಡಿ, ಪ್ರತಿಯಲ್ಲಿರುವ ಪಥದ ಹೆಸರು, ಪ್ರವೇಶ ಸ್ಥಳ ಮತ್ತು ಸದಸ್ಯರ ಸಂಖ್ಯೆಯನ್ನು ಓದಿ ಹೇಳಬೇಕು.